ಹುಟ್ಟುಗೋಲಿನ ಹಲ್ಲಿನ ಗುರುತು

ಅವನನ್ನು ಎಲ್ಲರೂ ಕಿವಿಯಣ್ಣ ಅಂತ ಕರೀತಿದ್ರು. ಅವನ ಅಪ್ಪ ಕಿವಿಯಜ್ಜ. ಅಪ್ಪ ಹೋದ ಮೇಲೆ ದೋಣಿ, ಹುಟ್ಟುಗೋಲು, ಹೆಸರು ಮೂರೂ ಇವನಿಗೆ ಬಂತು. ದೋಣಿ ಹಳೇದು. ಹುಟ್ಟುಗೋಲು ಅದಕ್ಕಿಂತ ಹಳೇದು. ಹೆಸರು ಮಾತ್ರ ಇವನಿಗೆ ಸಲ್ಲೋದಲ್ಲ. ಅದು ಅವನೊಬ್ಬನಿಗೇ ಗೊತ್ತಿತ್ತು.

ಆ ಹೆಸರು ಬಂದದ್ದು ಒಂದು ಮೀನಿಂದ. ನದಿ ಸಮುದ್ರಕ್ಕೆ ಸೇರೋ ಅಗಲವಾದ ಅಳಿವೆಯಲ್ಲಿ ಆ ಮೀನು ಇರುತ್ತೆ. ಮೊಟ್ಟೆ ಇಡೋ ಕಾಲಕ್ಕೆ ನೀರಡಿಯಲ್ಲಿ ಗೊರ ಗೊರ ಅನ್ನುತ್ತೆ. ಅದಕ್ಕೆ ಅಲ್ಲಿನವರು ಗೊರಕೆಮೀನು ಅಂತಾರೆ. ಹೊತ್ತು ಮುಳುಗೋವಾಗ ದೋಣಿ ನಿಲ್ಲಿಸಬೇಕು. ಹುಟ್ಟುಗೋಲನ್ನು ನೀರಿಗೆ ಇಳಿಬಿಟ್ಟು ಮೇಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡೀಬೇಕು. ಆಗ ಸದ್ದು ಮರದೊಳಗೆ ಹತ್ತಿ ಬಂದು ದವಡೆಯಲ್ಲಿ ನಿಲ್ಲುತ್ತೆ. ಒಂದೊಂದೇ ಗೊರಕೆ ಕೇಳಿದ್ರೆ ಅದು ದಾರಿಯಲ್ಲಿ ಹೋಗೋ ಮೀನು. ಒಂದರ ಮೇಲೊಂದು ಬಿದ್ದು ಎಲ್ಲಾ ಒಂದೇ ಸದ್ದಾಗಿ ಗುಂಯ್ ಅಂದ್ರೆ ಮೊಟ್ಟೆ ಇಡೋ ಜಾಗ. ಅಪ್ಪ ಅಲ್ಲಿ ಒಂದು ಗಳ ನೆಟ್ಟು ಹರಕು ಬಟ್ಟೆ ಕಟ್ಟಿ ಬರ್ತಿದ್ದ. ಆ ಬಟ್ಟೆ ಇರೋವರೆಗೆ ಯಾರೂ ಅಲ್ಲಿ ಬಲೆ ಬಿಡ್ತಿರಲಿಲ್ಲ. ಸದ್ದು ನಿಂತ ದಿನ ಅಪ್ಪನೇ ಹೋಗಿ ಬಿಚ್ಚುತ್ತಿದ್ದ.

ಸಂತೆ ದಾರಿಯಲ್ಲಿ ಯಾರಾದ್ರೂ ಅಪ್ಪನನ್ನು ನಿಲ್ಲಿಸಿ, "ಈ ಸಲ ಎಲ್ಲಿ ಅಜ್ಜಾ? ಹೋದ ವರ್ಷದ ಜಾಗಾನೇ ತಾನೇ?" ಅಂತ ಕೇಳಿದ್ರೆ ಅವನಿಗೆ ಸಿಟ್ಟು ಬರ್ತಿತ್ತು. "ನಾನಿನ್ನೂ ಕೇಳೇ ಇಲ್ಲ, ನಿನಗೆ ಹೇಗೋ ಹೇಳಲಿ?" ಅಂತಿದ್ದ. ಪ್ರತಿ ವರ್ಷ ಹೊಸದಾಗಿ ಕೇಳೋದೇ ಅವನ ಕೆಲಸ. ಅಳಿವೆಯಲ್ಲಿ ಮರಳು ಒಂದೇ ಕಡೆ ನಿಲ್ಲಲ್ಲ. ಮೀನೂ ನಿಲ್ಲಲ್ಲ.

ಆಮೇಲೆ ಇಂಜಿನ್ ದೋಣಿಗಳು ಬಂದವು. ಕೇಳೋರು ಇಲ್ಲವಾದ್ರು, ಗಳ ನೆಡೋರೂ ಇಲ್ಲವಾದ್ರು. ಮಗ ಇಪ್ಪತ್ತೆರಡು ವರ್ಷ ದೊಡ್ಡ ದೋಣಿಯೊಂದರಲ್ಲಿ ಇಂಜಿನ್ ನೋಡ್ಕೊಂಡ. ಎಣ್ಣೆ ವಾಸನೆಯ ಪುಟ್ಟ ಗೂಡು. ಕೂತರೆ ಬಲಗಡೆ ಕಿವಿಗೆ ಮೊಳ ದೂರದಲ್ಲಿ ಇಂಜಿನ್. ಬಲಗಿವಿ ಪೂರ್ತಿ ಹೋಯ್ತು. ಎಡದ್ದು ಅರ್ಧ ಹೋಯ್ತು. ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೊಳ್ತಿದ್ದ. ಗಂಡ ಹೇಳಿದ ಮಾತು ಕೇಳಲ್ಲ ಅನ್ನೋ ದೂರು ಅವನ ಹೆಂಡತಿಗೆ ಮದುವೆ ಆದಾಗಿನಿಂದ ಇತ್ತು. ಹಾಗಾಗಿ ಕಿವಿ ಹೋದದ್ದು ಅವಳಿಗೆ ಬೇರೆಯಾಗಿ ಗೊತ್ತಾಗಲೇ ಇಲ್ಲ.

ದೊಡ್ಡ ದೋಣಿ ಗುಜರಿಗೆ ಹೋಯ್ತು. ಅವನು ಕೆಲಸ ಇಲ್ಲದೆ ಕಟ್ಟೆ ಮೇಲೆ ಕೂತ. ಆ ವರ್ಷವೇ ಮೇಡಂ ಬಂದ್ರು.

ಮೇಡಂ ಮೀನು ಸಂಶೋಧನೆ ಆಫೀಸಿನವರು. ಗೊರಕೆಮೀನು ಕಮ್ಮಿ ಆಗ್ತಿದೆ ಅಂತ ಅವರಿಗೆ ಚಿಂತೆ. ಮೊಟ್ಟೆ ಇಡೋ ಜಾಗ ಹುಡುಕಿ ಸುತ್ತ ಗೆರೆ ಹಾಕಿ, ಆ ಕಾಲ ಮುಗಿಯೋವರೆಗೆ ಬಲೆ ಬಿಡದ ಹಾಗೆ ಮಾಡಬೇಕು ಅಂತ ಬಂದಿದ್ರು. ನೀರೊಳಗೆ ಇಳಿಬಿಡೋ ಮೈಕು ಅವರ ಹತ್ರ ಎರಡೇ ಎರಡು. ಅಳಿವೆ ನೋಡಿದ್ರೆ ಕಣ್ಣು ಹಾಯಿಸಿದಷ್ಟು ದೂರ.

"ಎರಡು ಮೈಕಲ್ಲಿ ಇಡೀ ಅಳಿವೆ ಹುಡುಕೋಕೆ ವರ್ಷ ಬೇಕು," ಅಂದ್ರು ಮೇಡಂ. ಮೀನಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ರು. "ಇಲ್ಲಿ ಹಳಬರು ಹುಟ್ಟುಗೋಲು ಕಚ್ಚಿ ಕೇಳ್ತಿದ್ರಂತೆ. ಅವರು ಜಾಗ ತೋರಿಸಲಿ, ನಾನು ಅಲ್ಲಿ ಮೈಕು ಬಿಡ್ತೀನಿ. ಈಗ ಯಾರಿದಾರೆ ಹಾಗೆ ಕೇಳೋರು?"

ಜನ ಅವನನ್ನು ಹಿಂದಿಂದ ನೂಕಿದ್ರು. "ಇಗೋ, ನಮ್ಮ ಕಿವಿಯಣ್ಣ! ಕಿವಿಯಜ್ಜನ ಮಗ!"

ಮೇಡಂ ಎದ್ದು ನಿಂತ್ರು. ಅವನಿಗೆ ಯಾರಾದ್ರೂ ಎದ್ದು ನಿಂತದ್ದು ಅದೇ ಮೊದಲು.

"ನಿಮಗೆ ಕೇಳ್ಸುತ್ತಾ?"

"ಹೂಂ," ಅಂದ.

ಆಗ ಅಷ್ಟೇ ಹೇಳಿದ್ದು.

ಅವನಿಗೆ ಫೋಟೋ ಇದ್ದ ಒಂದು ಕಾರ್ಡು ಕೊಟ್ಟರು. ಹೆಸರಿನ ಕೆಳಗೆ 'ಸ್ಥಳೀಯ ಜ್ಞಾನ ಸಹಾಯಕ' ಅಂತ ಬರೆದಿತ್ತು. ಓದೋಕೆ ಅವನಿಗೆ ಹೊತ್ತು ಹಿಡೀತು. ಆಮೇಲೆ ಅದನ್ನು ಅಂಗಿ ಜೇಬಲ್ಲಿ ಫೋಟೋ ಹೊರಗೆ ಕಾಣೋ ಹಾಗೆ ಇಟ್ಕೊಂಡು ಓಡಾಡಿದ.

"ಆ ಕಾರ್ಡು ನೋಡಿ ಮೀನು ತಾನಾಗೇ ದೋಣಿ ಹತ್ತುತ್ತಾ?" ಅಂದ್ಲು ಹೆಂಡತಿ. ಅವನು ಗೋಡೆ ನೋಡ್ತಿದ್ದ. ಕೇಳಲಿಲ್ಲ.

ಇಪ್ಪತ್ತಾರು ಸಂಜೆ ಅವನು ಮೇಡಂ ಜೊತೆ ಅಳಿವೆಗೆ ಹೋದ. ಮೇಡಂ ಅಪ್ಪನ ಹುಟ್ಟುಗೋಲನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದ್ರು. ತುದಿಯಲ್ಲಿ ಅಪ್ಪನ ಹಲ್ಲಿನ ಗುರುತು ಆಳವಾಗಿ ಬಿದ್ದಿತ್ತು. ಅದರ ಕೆಳಗೆ ಚಿಕ್ಕ ಹಲ್ಲಿನ ಗುರುತು.

"ಈ ಚಿಕ್ಕದು?"

"ನಂದು. ಸಣ್ಣವನಿದ್ದಾಗ."

ಹಾಗೇ ಅಂತ ಅವನೂ ನಂಬಿದ್ದ. ಮತ್ಯಾರದು ಇರುತ್ತೆ?

ಮೊದಲ ಸಂಜೆ ಅವನು ಹುಟ್ಟುಗೋಲು ಕಚ್ಚಿದ. ಕಣ್ಣು ಮುಚ್ಚಿದ. ಏನೂ ಇಲ್ಲ. ತನ್ನ ಹಲ್ಲು ಮರಕ್ಕೆ ತಾಗಿ ಕಟಕಟ ಅಂದದ್ದಷ್ಟೇ ಗೊತ್ತಾಯ್ತು. ಕಣ್ಣು ಬಿಟ್ಟು ನೋಡಿದ. ಹಳೇ ದೀಪದ ಗೋಪುರ ಎದುರಿಗೇ ಕಾಣ್ತಿತ್ತು. ಅಪ್ಪ ಗಳ ನೆಡ್ತಿದ್ದದ್ದು ಈ ಗೋಪುರದ ನೇರಕ್ಕೇ ಅಂತ ನೆನಪಾಯ್ತು.

"ಇಲ್ಲೇ," ಅಂದ.

ಮೇಡಂ ಮೈಕು ಇಳಿಬಿಟ್ಟು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ್ರು. ಹುಬ್ಬು ಗಂಟಿಕ್ಕಿದ್ರು. "ನನಗೆ ಬಿಡಿ ಬಿಡಿಯಾಗಿ ಬರ್ತಿದೆ ಕಿವಿಯಣ್ಣ. ಒಂದು, ಎರಡು ಅಂತ ಎಣಿಸಬಹುದು. ಒಂದಾಗಿಲ್ಲ. ನಿಮಗೆ?"

ಅಲ್ಲೇ ಹೇಳಬಹುದಿತ್ತು. ದೋಣಿಯಲ್ಲಿ ಇದ್ದದ್ದು ಇಬ್ಬರೇ.

"ಒಂದಾಗಿದೆ," ಅಂದ.

"ಪೂರ್ತಿ?"

"ಜೇನುಗೂಡಿನ ಹತ್ರ ಕಿವಿ ಇಟ್ಟ ಹಾಗೆ."

ಆ ಮಾತು ಅಪ್ಪನದು. ಮೇಡಂ ಅದನ್ನ ಹಾಗೇ ಪುಸ್ತಕದಲ್ಲಿ ಬರ್ಕೊಂಡ್ರು, ಅವನ ಮಾತು ಅಂತ. ಆಮೇಲೆ ನಕ್ಕು ಅಂದ್ರು, "ನಮ್ಮ ಆಫೀಸಿನ ದೊಡ್ಡ ಸಾಹೇಬ್ರು ಏನಂತಾರೆ ಗೊತ್ತಾ? ಮರ ಕಚ್ಚೋರನ್ನ ಕೇಳಿ ನಕ್ಷೆ ಬರೀತೀಯೇನಮ್ಮಾ ಅಂತಾರೆ. ಅನ್ನಲಿ. ಈ ಮೈಕಿಗೆ ಒಂದು ವರ್ಷಾನೂ ತುಂಬಿಲ್ಲ. ನಿಮ್ಮದು ಅಪ್ಪನ ಕಾಲದಿಂದ ಬಂದ ಕಿವಿ. ನಾನು ನಿಮ್ಮ ಮಾತಿನ ಮೇಲೇ ಹೋಗ್ತೀನಿ."

ಅವನು ತಲೆ ತಗ್ಗಿಸಿದ. ಎಷ್ಟು ಸಂಕೋಚದ ಮನುಷ್ಯ ಅಂತ ಮೇಡಂ ಅಂದ್ಕೊಂಡ್ರು.

ಇನ್ನು ಅಕ್ಕನ ವಿಷಯ. ಅವನಿಗೆ ಒಬ್ಬಳು ಅಕ್ಕ, ಆರು ವರ್ಷ ದೊಡ್ಡವಳು. ಮೀನಿನ ಶೆಡ್ಡಲ್ಲಿ ಮೀನು ಕುಯ್ಯೋ ಕೆಲಸ. ಅವಳ ಮನೆ ಆಚೆ ದಡದಲ್ಲಿ. ದಿನಾ ಹೊತ್ತು ಮುಳುಗೋವಾಗ ದಾಟುದೋಣಿ ಹತ್ತಿ ಮನೆಗೆ ಹೋಗ್ತಾಳೆ. ದೋಣಿಯವನ ಹತ್ರ ಮಿಕ್ಕಿದ ಹುಟ್ಟುಗೋಲು ಒಂದಿರುತ್ತೆ. ಅಳಿವೆ ನಡುವಿನ ಮರಳುದಿಬ್ಬದ ತುದಿ ಬಂದಾಗ ಅದನ್ನ ನೀರಿಗೆ ಇಟ್ಟು ಕಚ್ಚೋದು ಅವಳ ಚಾಳಿ. ಜೊತೆಗೆ ಕೂತವರು ನಗ್ತಾರೆ. ಅವಳು ತಲೆ ಕೆಡಿಸ್ಕೊಳ್ಳಲ್ಲ.

ಗೆರೆ ಹಾಕೋಕೆ ನಾಲ್ಕು ದಿನ ಇದ್ದಾಗ ಅವಳು ಬಂದು ಹೇಳಿದ್ಲು. "ಏನೋ, ಗೋಪುರದ ಹತ್ರ ಅಂತ ಬರೆಸಿದ್ಯಂತೆ? ಅಲ್ಲಿ ಏನಿದೆ ಮಣ್ಣು! ದಿಬ್ಬದ ಆಚೆ ಕೂಗ್ತಿದಾವೆ. ಆ ದೊಡ್ಡ ಪ್ರವಾಹ ಬಂದು ಮರಳು ಸರಿದಾಗಿನಿಂದ ಅಲ್ಲೇ."

ಅವನು ಕಾರ್ಡು ಸರಿ ಮಾಡ್ಕೊಂಡ. "ಅಕ್ಕ, ಇದು ಆಫೀಸಿನ ಕೆಲಸ. ನೀನು ಮೀನು ಕುಯ್ಯೋದು ನೋಡು."

"ಆಯ್ತು ಸಾಹೇಬ್ರೇ," ಅಂತ ನಕ್ಕು ಅವಳು ಹೋದ್ಲು.

ಗೋಪುರದ ಹತ್ರ ಗೆರೆ ಬಿತ್ತು. ನೀರಿನ ಮೇಲೆ ಸಾಲಾಗಿ ಕೆಂಪು ಡ್ರಮ್ಮು ತೇಲಿಬಿಟ್ಟರು. ಒಳಗೆ ಬಲೆ ಬಿಡೋ ಹಾಗಿಲ್ಲ, ಹೊರಗೆ ಬಿಡಬಹುದು.

ಅಮಾವಾಸ್ಯೆ ಆದ ಐದನೇ ದಿನ ಬೆಳಿಗ್ಗೆ ಅವನು ಶೆಡ್ಡಿಗೆ ಹೋದ. ದೋಣಿಗಳು ತುಂಬಿ ಬಂದಿದ್ವು. ಅಷ್ಟು ಮೀನು ಆ ಶೆಡ್ಡು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಎಲ್ಲಾ ಗೊರಕೆಮೀನು. ನೆಲದ ಮೇಲೆ ಕಾಲಿಡೋಕೆ ಜಾಗ ಇಲ್ಲ. ಮೋಟ ಅಂತ ಒಬ್ಬ ದೋಣಿಯವನಿದ್ದ, ಗಿಡ್ಡ ಆಳು, ದೊಡ್ಡ ಗಂಟಲು. ಅವನು ಓಡಿ ಬಂದು ಕಿವಿಯಣ್ಣನ ಎರಡೂ ಕೈ ಹಿಡ್ಕೊಂಡ.

"ನಿನ್ನ ಗೆರೆಗೆ ಕೈ ಮುಗಿದೆ ಕಿವಿಯಣ್ಣಾ! ಒಳಗೆ ಬಿಡಬೇಡಿ ಅಂದ್ಯಲ್ಲ, ನಾವು ಹೊರಗೆ ಹೋದ್ವಿ. ದಿಬ್ಬದ ಆಚೆ ಇದ್ವಪ್ಪ ಎಲ್ಲಾ! ಸಂತೆ ಸೇರಿದ ಹಾಗೆ! ಒಂದು ಸಲ ಬಲೆ ಎಳೆದ್ರೆ ದೋಣಿ ಮುಳುಗೋ ಹಾಗಿತ್ತು."

ಅವನು ಕೈ ಬಿಡಿಸ್ಕೊಂಡ. ಅಕ್ಕ ಕೂತಿದ್ದ ಮೇಜಿನ ಕಡೆ ನೋಡಿದ. ಅವಳು ಒಂದು ಮೀನು ಎತ್ಕೊಂಡ್ಲು. ಹೊಟ್ಟೆ ಉಬ್ಬಿತ್ತು. ಚಾಕು ತಾಗಿಸಿದ್ಲು ಅಷ್ಟೇ, ಹಳದಿ ಮೊಟ್ಟೆಯ ಎರಡು ಚೀಲ ಜಾರಿ ಮೇಜಿನ ಮೇಲೆ ಬಿತ್ತು. ಇನ್ನೊಂದು ಕುಯ್ದಳು. ಅದರಲ್ಲೂ ಅಷ್ಟೇ. ಪಕ್ಕದ ಮೇಜಲ್ಲೂ, ಅದರ ಪಕ್ಕದ ಮೇಜಲ್ಲೂ ಹಾಗೇ. ಸ್ವಲ್ಪ ಹೊತ್ತಿಗೆ ಮೇಜುಗಳೆಲ್ಲಾ ಹಳದಿ ಆದವು. ನೀರು ಹೋಗೋ ಮೋರಿಯಲ್ಲಿ ಮೊಟ್ಟೆ ಹರೀತಿತ್ತು. ಹುಟ್ಟೋಕೆ ಮುಂಚೆನೇ ಹೋದ ಮೀನು ಅವು. ಲೆಕ್ಕ ಹಾಕೋರ್ಯಾರು?

ಅವನು ಮಂಜುಗಡ್ಡೆ ಕೋಣೆಯ ಹಿಂದೆ ಹೋಗಿ ನಿಂತ. ಗೋಡೆಗೆ ಮುಖ ಮಾಡಿ ನಿಂತಿದ್ದ. ಸ್ವಲ್ಪ ಹೊತ್ತಿಗೆ ಭುಜದ ಮೇಲೆ ಒದ್ದೆ ಕೈ ಬಿತ್ತು. ಬೆಚ್ಚಿ ತಿರುಗಿದ. ಅಕ್ಕ.

"ಮೂರು ಸಲ ಕರೆದೆ," ಅಂದ್ಲು. "ಬಲಗಡೆಯಿಂದ. ಬೇಕಂತಲೇ."

ಅವನು ಬಲಗಿವಿ ಮುಟ್ಕೊಂಡ.

"ಎಷ್ಟು ವರ್ಷ ಆಯ್ತೋ?"

"ಹತ್ತು. ಹನ್ನೆರಡು."

"ಹಾಗಾದ್ರೆ ಹುಟ್ಟುಗೋಲು ಕಚ್ಚಿ ಏನು ಮಾಡ್ತಿದ್ದೆ? ಹಲ್ಲು ತಿಕ್ತಿದ್ಯಾ?"

ಬೇರೆ ದಿನ ಆಗಿದ್ರೆ ಇಬ್ಬರೂ ನಗ್ತಿದ್ರು. ಅವಳ ಕೈಗೆ ಇನ್ನೂ ಮೊಟ್ಟೆ ಅಂಟಿತ್ತು. ಸೆರಗಿಗೆ ಒರೆಸ್ಕೊಂಡ್ಲು. ಹೋಗಲಿಲ್ಲ.

"ಅಪ್ಪನ ಜಾಗ ಹೇಳಿದೆ," ಅಂದ ಅವನು.

"ಅಪ್ಪ ಹೋಗಿ ಎಷ್ಟು ವರ್ಷ ಆಯ್ತು? ಅವನಿದ್ದಿದ್ರೆ ಅವನೇ ಆ ಜಾಗ ಹೇಳ್ತಿರಲಿಲ್ಲ." ಅವಳು ಅವನ ಮುಖ ನೋಡಿದ್ಲು. "ಹುಟ್ಟುಗೋಲಲ್ಲಿ ಚಿಕ್ಕ ಹಲ್ಲಿನ ಗುರುತು ಇದೆಯಲ್ಲ. ಯಾರದು ಅಂತ ಹೇಳಿದೆ ಮೇಡಂಗೆ?"

"ನಂದು ಅಂತ."

"ಸರಿಯಾಗಿ ನೋಡಿದ್ಯಾ? ಮಧ್ಯ ಒಂದು ಹಲ್ಲಿನ ಜಾಗ ಖಾಲಿ ಇದೆ." ಅವಳು ತುಟಿ ಎತ್ತಿ ತೋರಿಸಿದ್ಲು. ಮುಂದಿನ ಹಲ್ಲು ಅರ್ಧ ಮುರಿದದ್ದು. ಎಂಟು ವರ್ಷದವಳಿದ್ದಾಗ ದೋಣಿ ಅಂಚಿಗೆ ಬಿದ್ದು ಮುರ್ಕೊಂಡದ್ದು. ಅವನು ಬುದ್ಧಿ ಬಂದಾಗಿನಿಂದ ನೋಡಿದ ಹಲ್ಲು. "ಹನ್ನೆರಡು ತುಂಬೋವರೆಗೆ ಅಪ್ಪ ನನ್ನ ಕರ್ಕೊಂಡು ಹೋಗ್ತಿದ್ದ. ಆಮೇಲೆ ನೀನು ದೋಣಿ ಹತ್ತೋ ಹಾಗಾದೆ. ಗಂಡು ಬಂದ ಮೇಲೆ ನಾನ್ಯಾಕೆ? ನನ್ನ ಕೈಗೆ ಚಾಕು ಕೊಟ್ಟರು. ನಿನಗೆ ಆಗ ಕೇಳಿಸ್ತಿತ್ತು. ಒಂದು ಗಳಿಗೆ ಸುಮ್ಮನೆ ಕೂರೋಕೆ ಆಗ್ತಿರಲಿಲ್ಲ ಅಷ್ಟೇ."

ಅವನಿಗೆ ಗೋಡೆಯೊಳಗೆ ಹೋಗಿಬಿಡೋಣ ಅನ್ನಿಸ್ತು.

"ನೀನೇ ಹೇಳಿಬಿಡಕ್ಕ, ಮೇಡಂಗೆ."

"ನಾನು ಹೇಳಿದ್ರೆ ಚಾಡಿ ಆಗುತ್ತೆ. ನೀನು ಹೇಳಿದ್ರೆ ನಿಜ ಆಗುತ್ತೆ. ಮಿಕ್ಕಿದ ಮೀನು ಮತ್ತೆ ಅಲ್ಲೇ ಕೂಗಿ ಸೇರಿ, ಮುಂದಿನ ಅಮಾವಾಸ್ಯೆಗೆ ಮೊಟ್ಟೆ ಇಡ್ತಾವೆ. ಅಷ್ಟರೊಳಗೆ ಆ ಡ್ರಮ್ಮು ಸರೀಬೇಕು. ಇಲ್ಲಾಂದ್ರೆ ಈ ಮೇಜಿಗೆ ಬರೋಕೆ ಇನ್ನು ಮೀನೇ ಇರಲ್ಲ."

ಅವನು ಅವತ್ತೇ ಆಫೀಸಿಗೆ ಹೋದ. ಹೇಳಬೇಕು ಅಂತಲೇ ಹೋದ. ಮೇಡಂ ಒಬ್ಬರೇ ಇದ್ರು. ಮೇಜಿನ ಮೇಲೆ ಅವನ ಇಪ್ಪತ್ತಾರು ಸಂಜೆಯ ಪುಸ್ತಕ ಬಿಚ್ಚಿತ್ತು. ಹೆಡ್‌ಫೋನಲ್ಲಿ ಅದೇ ಸಂಜೆಗಳ ಸದ್ದನ್ನು ಮತ್ತೆ ಮತ್ತೆ ಹಾಕಿ ಕೇಳ್ತಿದ್ರು. ಕಣ್ಣು ಕೆಂಪಾಗಿತ್ತು.

"ಬನ್ನಿ ಕಿವಿಯಣ್ಣ. ನಾನೆಲ್ಲೋ ತಪ್ಪಿದೀನಿ. ನನ್ನ ಮೈಕು ಬಿಡಿ ಬಿಡಿ ಅನ್ನುತ್ತೆ, ನೀವು ಒಂದಾಗಿದೆ ಅಂದಿದ್ದೀರಿ. ಮೈಕು ಇಳಿಬಿಟ್ಟ ಆಳ ಸರಿ ಇರಲಿಲ್ಲವೋ ಏನೋ." ಅವರೇ ಎದ್ದು ಅವನಿಗೆ ಚಹಾ ಬಗ್ಗಿಸಿ ಕೊಟ್ಟರು. "ನೀವು ಬೇಜಾರು ಮಾಡ್ಕೋಬೇಡಿ. ಜನ ಏನಾದ್ರೂ ಅಂದ್ರೆ ನನಗೆ ಹೇಳಿ."

ಅವನು ಚಹಾ ಕುಡಿದ. ಬಿಸಿ ಇತ್ತು, ಬಾಯಿ ಸುಟ್ಟಿತು. ಲೋಟ ತೊಳೆದು ಬೋರಲು ಹಾಕಿ ಬಂದ. ಏನೂ ಹೇಳಲಿಲ್ಲ. ದಾರಿಯಲ್ಲಿ ಎರಡು ಸಲ ನಿಂತ, ವಾಪಸ್ ಹೋಗಲಾ ಅಂತ. ಎರಡು ಸಲಾನೂ ಕಾಲು ಮನೆ ಕಡೆಗೇ ತಿರುಗಿದ್ವು. ಹತ್ತು ದಿನ ಹೀಗೇ ಕಳೀತು. ಆ ಹತ್ತು ದಿನ ಅವನು ಶೆಡ್ಡಿನ ಕಡೆ ಹೋಗಲಿಲ್ಲ. ಕಾರ್ಡು ಜೇಬಲ್ಲಿ ಉಲ್ಟಾ ಇಟ್ಟ.

ಹನ್ನೊಂದನೇ ದಿನ ಆಫೀಸಲ್ಲಿ ಸಭೆ ಕರೆದ್ರು. ಉದ್ದ ಕೋಣೆ, ಮರದ ಬೆಂಚುಗಳು, ಗೋಡೆ ಮೇಲೆ ಅಳಿವೆಯ ನಕ್ಷೆ. ಅದರ ಮೇಲೆ ಕೆಂಪು ಗೆರೆ. ದೋಣಿಯವರು ಬಂದಿದ್ರು, ಶೆಡ್ಡಿನ ಹೆಂಗಸರು ಹಿಂದೆ ಗೋಡೆಗೆ ಒರಗಿ ನಿಂತಿದ್ರು. ಅಕ್ಕಾನೂ ಇದ್ಲು. ಅವನು ಮೊದಲ ಬೆಂಚಲ್ಲಿ ಕೂತ. ಅಲ್ಲಿ ಕೂತರೆ ತುಟಿ ಕಾಣುತ್ತೆ.

ದೊಡ್ಡ ಸಾಹೇಬ್ರು ಶುರು ಮಾಡಿದ್ರು. "ಆಗಿದ್ದು ಎಲ್ಲರಿಗೂ ಗೊತ್ತು. ಇನ್ನು ಮೇಲೆ ಈ ಕಚ್ಚೋದು ಗಿಚ್ಚೋದು ಬೇಡ. ಯಂತ್ರ ಸಾಕು. ಎರಡು ಮೈಕು ಇಟ್ಕೊಂಡು ಬರೋ ವರ್ಷದೊಳಗೆ ಸರಿಯಾದ ನಕ್ಷೆ ಮಾಡೋಣ."

"ಬರೋ ವರ್ಷ?" ಅಂದ ಒಬ್ಬ ಮುದುಕ. "ಅಷ್ಟರೊಳಗೆ ಮೋಟ ಎಲ್ಲಾ ಬಳ್ಕೊಂಡಿರ್ತಾನೆ."

"ನಾನು ಗೆರೆ ಹೊರಗೇ ಇದ್ದೆ!" ಅಂತ ಮೋಟ ಕೂಗಿದ. "ಕಿವಿಯಣ್ಣನ್ನ ಕೇಳಿ!"

ಮೇಡಂ ಎದ್ದು ನಿಂತ್ರು. ಅವರ ತುಟಿಯನ್ನು ಅವನು ಚೆನ್ನಾಗಿ ನೋಡಿದ. ಒಂದೊಂದು ಮಾತೂ ಕಾಣ್ತಿತ್ತು.

"ತಪ್ಪು ನಂದು ಸರ್. ಕಿವಿಯಣ್ಣ ಸರಿಯಾಗೇ ಕೇಳಿ ಹೇಳಿದ್ರು. ನಕ್ಷೆಗೆ ಹಾಕೋವಾಗ ನಾನೇ ಎಲ್ಲೋ ಎಡವಟ್ಟು ಮಾಡಿರಬೇಕು. ಬೇಕಿದ್ರೆ ನನ್ನ ಈ ಕೆಲಸದಿಂದ ತೆಗೀರಿ. ಆದ್ರೆ ಇವರ ಕಿವಿಯನ್ನ ಬಿಡಬೇಡಿ."

ಅವನು ಯಾವಾಗ ಎದ್ದನೋ ಅವನಿಗೇ ಗೊತ್ತಿಲ್ಲ.

"ನಂಗೆ ಕೇಳಲ್ಲ," ಅಂದ.

"ಸರಿ ಸರಿ, ಜೋರಾಗಿ ಮಾತಾಡ್ತೀವಿ," ಅಂದ್ರು ಸಾಹೇಬ್ರು.

"ಅದಲ್ಲ ಸಾಹೇಬ್ರೆ." ಅವನು ಗೋಡೆ ಮೇಲಿನ ನಕ್ಷೆಗೆ ಬೆರಳು ತೋರಿಸಿದ. "ಮೀನು. ಮೀನು ನಂಗೆ ಕೇಳಲ್ಲ. ಒಂದು ದಿನಾನೂ ಕೇಳಿಲ್ಲ. ಇಂಜಿನ್ ಹತ್ರ ಕೂತು ಕೂತು ಕಿವಿ ಹೋಗಿದೆ. ಅಪ್ಪ ಗಳ ನೆಡ್ತಿದ್ದ ಜಾಗ ಹೇಳಿದೆ. ಜೇನುಗೂಡಿನ ಮಾತೂ ಅಪ್ಪನದೇ. ಮೇಡಂ ತಪ್ಪು ಏನೂ ಇಲ್ಲ. ಅವರ ಮೈಕೂ ಸರಿ ಇತ್ತು."

ಕೋಣೆಯಲ್ಲಿ ಏನು ಸದ್ದಾಯ್ತೋ ಅವನಿಗೆ ಗೊತ್ತಾಗಲಿಲ್ಲ. ಬಾಯಿಗಳು ತೆರೆದದ್ದು ಕಾಣಿಸ್ತು. ಕೆಲವರು ನಗ್ತಿದ್ರು. ಮೋಟ ತೊಡೆ ತಟ್ಕೊಂಡು ನಗ್ತಿದ್ದ. ಒಬ್ಬ ಮುದುಕ ಇದ್ದ, ಅವನ ಅಪ್ಪನ ಜೊತೆಗಾರ. ಅವನು ಮಾತ್ರ ನಗಲಿಲ್ಲ. ಮುಖ ಆಚೆ ತಿರುಗಿಸಿದ. ನಗುವವರಿಗಿಂತ ಆ ತಿರುಗಿದ ಮುಖ ಹೆಚ್ಚು ಚುಚ್ಚಿತು.

ಮೇಡಂ ಬೈಯ್ಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಪುಸ್ತಕ ತೆಗೆದು ಅವನ ಮುಂದೆ ಇಟ್ಟರು. ಪೆನ್ನು ಬಿಚ್ಚಿದ್ರು.

"ಇದರಲ್ಲಿ ಯಾವ ಯಾವ ಸಂಜೆದು ಸುಳ್ಳು?"

"ಎಲ್ಲಾ."

"ಇಪ್ಪತ್ತಾರೂ?"

"ಇಪ್ಪತ್ತಾರೂ."

ಮೇಡಂ ಒಂದೊಂದೇ ಹಾಳೆ ತಿರುಗಿಸಿ ಅವನ ಮಾತಿನ ಮೇಲೆ ಅಡ್ಡ ಗೆರೆ ಎಳೆದ್ರು. ಮೈಕು ಹೇಳಿದ್ದನ್ನ ಹಾಗೇ ಬಿಟ್ಟರು. ಪ್ರತಿ ಹಾಳೆಯ ಅಂಚಲ್ಲಿ ಅವನ ಕೈಯಲ್ಲಿ ಸಹಿ ಹಾಕಿಸಿದ್ರು. ಅವನ ಸಹಿ ನಿಧಾನ. ಒಂದೊಂದು ಅಕ್ಷರ ಕೂಡಿಸಿ ಬರೀಬೇಕು. ಇಪ್ಪತ್ತಾರು ಸಲ ಅವನು ತನ್ನ ಹೆಸರು ಬರೆದ, ಎಲ್ಲರೂ ನೋಡ್ತಾ ಇದ್ರು. ಒಂದು ಹಾಳೆಯಲ್ಲಿ 'ಜೇನುಗೂಡಿನ ಹತ್ರ ಕಿವಿ ಇಟ್ಟ ಹಾಗೆ' ಅಂತ ಇತ್ತು. ಅಲ್ಲಿ ಮೇಡಂ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಹೊಡೆದು ಹಾಕಿದ್ರು.

ಮುಗಿದ ಮೇಲೆ ಅವನು ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟ. ಸಾಹೇಬ್ರು ಅದನ್ನ ಡ್ರಾಯರಿಗೆ ಹಾಕಿದ್ರು.

"ಇನ್ನೊಂದು ಮಾತು," ಅಂದ ಅವನು. "ಕೇಳೋರು ಒಬ್ಬರಿದಾರೆ. ನಮ್ಮಕ್ಕ. ಹುಟ್ಟುಗೋಲಲ್ಲಿ ಚಿಕ್ಕ ಹಲ್ಲು ಅವಳದು, ನಂದಲ್ಲ. ದಿಬ್ಬದ ಆಚೆ ಅಂತ ಗೆರೆ ಹಾಕೋಕೆ ಮುಂಚೆನೇ ಹೇಳಿದ್ಲು. ಮೀನು ಕುಯ್ಯೋದು ನೋಡು ಅಂತ ನಾನು ಬಾಯಿ ಮುಚ್ಚಿಸಿದೆ."

ಎಲ್ಲರೂ ಹಿಂದೆ ತಿರುಗಿದ್ರು. ಅಕ್ಕ ಗೋಡೆ ಬಿಟ್ಟು ಮುಂದೆ ಬಂದ್ಲು.

ಸಾಹೇಬ್ರು ಹಣೆ ಒತ್ಕೊಂಡ್ರು. "ಒಬ್ಬರ ಕಥೆ ಈಗ ತಾನೇ ಮುಗೀತು. ಇನ್ನೊಬ್ಬರನ್ನ ಹೇಗಮ್ಮಾ ನಂಬೋದು?"

"ನಂಬಬೇಡಿ," ಅಂದ್ಲು ಅಕ್ಕ. "ಪರೀಕ್ಷೆ ಮಾಡಿ. ಇವನನ್ನ ನಂಬಿದ್ದಕ್ಕೇ ಅಲ್ವಾ ಇಷ್ಟೆಲ್ಲಾ ಆಗಿದ್ದು?"

ಮೇಡಂ ತಲೆ ಎತ್ತಿದ್ರು. "ಹೌದು ಸರ್. ಮೈಕು ಬಂದ ದಿನ ಅದನ್ನ ಹತ್ತು ಸಲ ಪರೀಕ್ಷೆ ಮಾಡ್ದೆ. ಇವರನ್ನ ಒಂದು ಸಲಾನೂ ಮಾಡಲಿಲ್ಲ. ಕೇಳಿದ್ರೆ ಅವಮಾನ ಆಗುತ್ತೆ ಅಂದ್ಕೊಂಡೆ. ಗೌರವ ಕೊಡೋದು ಅಂದ್ರೆ ಅದೇ ಅಂದ್ಕೊಂಡೆ." ಅವರು ಅಕ್ಕನ ಕಡೆ ತಿರುಗಿದ್ರು. "ನೀವು ಕೇಳಿದ್ದು ನೀವು ಹೇಳಿ, ನಾನು ಕೇಳಿದ್ದು ನಾನು ಬರೀತೀನಿ. ಇಬ್ಬರೂ ಒಬ್ಬರದು ಒಬ್ಬರು ನೋಡೋ ಹಾಗಿಲ್ಲ. ಕೊನೆಗೆ ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ. ಆಗಬಹುದಾ?"

"ಅಪ್ಪ ನನ್ನ ಹಾಗೇ ಪರೀಕ್ಷೆ ಮಾಡ್ತಿದ್ದ," ಅಂದ್ಲು ಅಕ್ಕ. "ದೋಣಿ ಯಾರು ನಡೆಸ್ತಾರೆ?"

ಅಕ್ಕ ತಮ್ಮನ ಮುಂದೆ ಬಂದು, ಎದುರಿಗೆ ನಿಂತು, ನಿಧಾನವಾಗಿ ಹೇಳಿದ್ಲು. "ಹುಟ್ಟು ಹಾಕೋಕೆ ಕಿವಿ ಬೇಡ. ಬಾ."

ಮಾರನೇ ದಿನದಿಂದ ಮೂರು ಸಂಜೆ ಹೋದ್ರು. ಅವನು ಹುಟ್ಟು ಹಾಕ್ತಿದ್ದ, ಅಕ್ಕ ಮುಂದೆ, ಮೇಡಂ ಹಿಂದೆ. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತಿದ್ರು, ಮಧ್ಯ ಕೂತ ಅವನಿಗೆ ಇಬ್ಬರ ಮುಖಾನೂ ಓರೆಯಾಗಿ ಕಾಣ್ತಿತ್ತು. ದಡದಿಂದ ಮೋಟ ಕೈ ಬೀಸಿ ಏನೋ ಕೂಗಿದ. ಏನು ಅಂತ ಅವನಿಗೆ ಕೇಳಲಿಲ್ಲ. ಅಕ್ಕ ಹೇಳಿದ್ಲು, "ಕಿವುಡಣ್ಣ ಅಂತಿದಾನೆ."

"ಸರಿಯಾಗೇ ಅಂತಾನೆ," ಅಂದ ಅವನು.

ಮೊದಲು ಗೋಪುರದ ಹತ್ರ ನಿಲ್ಲಿಸಿದ್ರು. ಅಕ್ಕ ಅಪ್ಪನ ಹುಟ್ಟುಗೋಲು ಕಚ್ಚಿದ್ಲು. ತುದಿಯಲ್ಲಲ್ಲ, ಸ್ವಲ್ಪ ಕೆಳಗೆ, ಆ ಚಿಕ್ಕ ಗುರುತಿನ ಹತ್ರ. ತೆಗೆದು, "ದಾರಿಹೋಕರು," ಅಂದ್ಲು ತಮ್ಮನಿಗೆ. "ಆರೋ ಏಳೋ." ಹೆಡ್‌ಫೋನ್ ಹಾಕಿದ್ದ ಮೇಡಂ ಅಷ್ಟರಲ್ಲೇ ಚೀಟಿಯಲ್ಲಿ ಏನೋ ಬರೆದು ಮುಗಿಸಿದ್ರು. ಆಮೇಲೆ ದಿಬ್ಬ ಸುತ್ತಿ ಆಚೆ ಹೋದ್ರು. ನೀರು ಕಪ್ಪಗೆ, ಆಳ. ಅವನು ದೋಣಿ ನಿಲ್ಲಿಸಿದ.

ಅಕ್ಕ ಕಚ್ಚಿದ್ಲು. ಕಣ್ಣು ಮುಚ್ಚಿದ್ಲು. ಅವಳ ಮುಖ ಸಡಿಲ ಆಯ್ತು. ಅಂಥ ಮುಖ ಅವನು ಶೆಡ್ಡಲ್ಲಿ ಒಂದು ದಿನಾನೂ ನೋಡಿರಲಿಲ್ಲ. ತುಂಬಾ ಹೊತ್ತು ಹಾಗೇ ಇದ್ಲು. ಆಮೇಲೆ ಒಂದು ಕೈ ಎತ್ತಿ, ಬೆರಳುಗಳನ್ನೆಲ್ಲಾ ಒಟ್ಟಿಗೆ ಮಡಚಿ ಮುಷ್ಟಿ ಮಾಡಿದ್ಲು. ಒಂದಾಗಿದೆ ಅಂತ.

ಅದೇ ಗಳಿಗೆ ಅವನು ಮೇಡಂ ಕಡೆ ನೋಡಿದ. ಅವರಿಗೆ ಅಕ್ಕ ಕಾಣ್ತಿರಲಿಲ್ಲ. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡ್ಕೊಂಡಿದ್ರು. ಕಣ್ಣಲ್ಲಿ ನೀರು ತುಂಬಿತ್ತು. ಬಗ್ಗಿ ಚೀಟಿಯಲ್ಲಿ ಬರೆದ್ರು. ಆಮೇಲೆ ತಿರುಗಿ ಅಕ್ಕನ ಮುಷ್ಟಿ ನೋಡಿದ್ರು. ಚೀಟಿ ಎತ್ತಿ ತೋರಿಸಿದ್ರು. ಅಕ್ಕನಿಗೆ ಓದೋಕೆ ಬರಲ್ಲ. ತಮ್ಮ ಬಗ್ಗಿ ಓದಿ ಹೇಳಿದ.

"ಪೂರ್ತಿ ಒಂದಾಗಿದೆ ಅಂತ ಬರೆದಿದಾರೆ."

"ಗೋಪುರದ ಹತ್ರ?"

"ಏಳು."

"ಗಂಡುಮೀನು ಮಾತ್ರ ಗೊರಕೆ ಹೊಡೆಯೋದು, ಗೊತ್ತಾ ಮೇಡಂ?" ಅಂದ್ಲು ಅಕ್ಕ. "ಹೆಣ್ಣು ಸುಮ್ಮನೆ ಬಂದು ಕೆಲಸ ಮುಗಿಸ್ಕೊಂಡು ಹೋಗುತ್ತೆ."

"ನಮ್ಮ ಪುಸ್ತಕದಲ್ಲೂ ಹಾಗೇ ಇದೆ," ಅಂತ ಮೇಡಂ ನಕ್ಕರು. ಆ ನಗು ಅಕ್ಕನ ಕಡೆಗೆ ಹೋಯ್ತು. ಮಧ್ಯ ಕೂತವನ ಮೇಲೆ ಅವರ ಕಣ್ಣು ನಿಲ್ಲಲಿಲ್ಲ. ಮೊದಲೆಲ್ಲಾ ದೋಣಿ ಹತ್ತೋವಾಗ ಕಿವಿಯಣ್ಣ ಅಂತ ಕರೆದು ಮಾತಾಡಿಸ್ತಿದ್ರು. ಈ ಮೂರು ಸಂಜೆ 'ಸ್ವಲ್ಪ ಎಡಕ್ಕೆ', 'ಸಾಕು' ಅಂದದ್ದಷ್ಟೇ. ಅದೂ ಅವನ ಎದುರಿಗೆ ಬಂದು, ತುಟಿ ಕಾಣೋ ಹಾಗೆ ನಿಂತು ಅಂತಿದ್ರು. ಅಷ್ಟು ಮಾಡಬೇಕಾಗಿರಲಿಲ್ಲ. ಮಾಡ್ತಿದ್ರು. ಅದಕ್ಕೇ ಅವನಿಗೆ ಇನ್ನೂ ನಾಚಿಕೆ.

ಅಮಾವಾಸ್ಯೆಗೆ ನಾಲ್ಕು ದಿನ ಇರೋವಾಗ ಡ್ರಮ್ಮು ಸರಿಸೋಕೆ ಅಪ್ಪಣೆ ಆಯ್ತು. ಅವನೇ ಒಂದೊಂದನ್ನ ಬಿಚ್ಚಿ ದೋಣಿಗೆ ಹಾಕಿ, ದಿಬ್ಬದ ಆಚೆ ತಗೊಂಡು ಹೋಗಿ ಕಟ್ಟಿದ. ಮೋಟ ಬೈಕೊಂಡು ತನ್ನ ಬಲೆ ಎತ್ತಿದ. ಬರೋ ವರ್ಷ ಮತ್ತೆ ಹೊಸದಾಗಿ ಕೇಳಿಯೇ ಗೆರೆ ಹಾಕೋದು ಅಂತ ಮೇಡಂ ನಕ್ಷೆಯ ಅಂಚಲ್ಲಿ ಬರೆದ್ರು. ಅದನ್ನ ಬರೆಸಿದ್ದು ಅಕ್ಕ.

ಕೊನೇ ಡ್ರಮ್ಮು ಕಟ್ಟೋವಾಗ ಹೊತ್ತು ಮುಳುಗ್ತಿತ್ತು. ದೋಣಿಯಲ್ಲಿ ಅಕ್ಕ ಇದ್ಲು, ಮನೆಗೆ ಬಿಡು ಅಂತ ಹತ್ತಿದವಳು. ಅವಳು ಹುಟ್ಟುಗೋಲು ನೀರಿಗೆ ಬಿಟ್ಟು ಕಚ್ಚಿ ಕೂತ್ಲು, ಒಂದು ಕೈ ಮೆಲ್ಲಗೆ ಮುಷ್ಟಿ ಆಯ್ತು. ಅವನು ಹಗ್ಗ ಬಿಗಿಯೋದು ನಿಲ್ಲಿಸಿದ. ಕಾಲು ಅಲ್ಲಾಡಿಸಿದ್ರೆ ಅವಳಿಗೆ ಅಡ್ಡಿ ಆಗುತ್ತೆ ಅಂತ ಕಾಲು ಬಿಗಿ ಹಿಡಿದ. ಸಣ್ಣವನಿದ್ದಾಗ ಒಂದು ಗಳಿಗೆ ಹೀಗೆ ಕೂತಿದ್ರೆ ಆಗ್ತಿತ್ತು.

ಕೆಳಗೆ ಎಷ್ಟು ಮೀನಿದ್ವೋ. ಅವನಿಗೆ ಒಂದೂ ಕೇಳಲಿಲ್ಲ. ಅಕ್ಕನ ಮುಷ್ಟಿಯನ್ನೇ ನೋಡ್ತಾ ಕೂತ, ಅವಳು ಸಾಕು ಅನ್ನೋವರೆಗೆ.